ಟವರಿನ ತುದಿಯ ಫ್ಯೂಸ್

ಲೈನ್‌ಮನ್ ಟವರಿನ ತುದಿಯಲ್ಲಿ ಬೆಲ್ಟಿಗೆ ಜೋತುಬಿದ್ದಿದ್ದ. ಕೆಳಗಿಳಿಸುವ ಹೊತ್ತಿಗೆ ಮೈ ಸೆಟೆದುಹೋಗಿತ್ತು. ಅಂಗೈ ಸುಟ್ಟಿತ್ತು.

"ಕರೆಂಟ್ ತೆಗೀದೇ ಹತ್ತಿದಾನೆ," ಎಂದ ಎಂಜಿನಿಯರ್. "ಅವನದೇ ತಪ್ಪು. ಬರ್ಕೊಳ್ಳಿ ಮೇಡಂ."

ಪೊಲೀಸ್ ಇನ್ಸ್‌ಪೆಕ್ಟರ್ ಬರೆದುಕೊಳ್ಳಲಿಲ್ಲ. ದೇಶದ ಊರುಗಳನ್ನೆಲ್ಲ ರಾಜಧಾನಿಗೆ ಜೋಡಿಸುವ ಟೆಲಿಫೋನ್ ಸರಪಳಿಗೆ ಈ ಗುಡ್ಡದ ಟವರೇ ಕೊನೆಯ ಕೊಂಡಿ. ನಾಳೆ ಉದ್ಘಾಟನೆ. ಎಂಜಿನಿಯರಿಗೆ ಹೆಣಕ್ಕಿಂತ ನಾಳೆಯದೇ ತಲೆಬಿಸಿ ಎಂಬುದು ಅವಳಿಗೆ ಮುಖದಲ್ಲೇ ಕಂಡಿತು.

ಟವರಿನ ಬುಡದ ಕೋಣೆಯ ಬಾಗಿಲಲ್ಲಿ ಸತ್ತವನ ಹೆಂಡತಿ. ಅತ್ತಿರಲಿಲ್ಲ.

"ನಮ್ಮನೆಯವ್ರು ಫ್ಯೂಸ್ ಕೀಳದೆ ಒಂದು ಮೆಟ್ಲೂ ಹತ್ತೋರಲ್ಲಮ್ಮ. ಕಿತ್ತು ಜೊತೇಲೇ ಒಯ್ತಿದ್ರು, ಬೇರೆ ಯಾರೂ ಹಾಕಬಾರದು ಅಂತ. ಅವರ ತಪ್ಪು ಅಂತ ಬರೆದ್ರೆ ಕ್ವಾರ್ಟರ್ಸ್ ಖಾಲಿ ಮಾಡಿಸ್ತಾರೆ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ಜೇಬು ನಾನೇ ನೋಡಿದೆ. ಫ್ಯೂಸ್ ಇರಲಿಲ್ಲ," ಎಂದ ಎಂಜಿನಿಯರ್.

"ನಾವು ಬರೋಕೆ ಮುಂಚೇನೇ ಜೇಬು ನೋಡಿದ್ರಾ?"

ಎಂಜಿನಿಯರ್ ಗಡಿಯಾರ ನೋಡಿಕೊಂಡ. ಇನ್ಸ್‌ಪೆಕ್ಟರ್ ಮೂಲೆಯಲ್ಲಿ ನಿಂತಿದ್ದ ಆಪರೇಟರ್ ಕಡೆ ತಿರುಗಿದಳು. "ನೀನೆಲ್ಲಿದ್ದೆ?"

"ಜನರೇಟರ್‌ಗೆ ಡೀಸೆಲ್ ಹಾಕ್ತಿದ್ದೆ. ಅದು ನಮ್ಮ ಮಾವನಿಗಿಂತ ಜಾಸ್ತಿ ಕುಡಿಯುತ್ತೆ ಮೇಡಂ."

"ನಿನ್ನ ಅಲ್ಲಿ ನೋಡಿದೋರು?"

ಅವನ ನಗು ಇಂಗಿತು. "ಯಾರೂ ಇಲ್ಲ."

ಗೋಡೆಯ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸುಗಳ ಸಾಲು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೆಂಡತಿಯನ್ನು ಕೇಳಿದಳು— "ಮೇಲೆ ಹೋದ ಮೇಲೆ ಫ್ಯೂಸ್ ಎಲ್ಲಿಡ್ತಿದ್ರು?"

"ಟವರಿನ ಕಂಬಿಗೆ, ಕಣ್ಣೆದುರಿಗೇ ಕಟ್ಕೋತಿದ್ರು. ಕಾಣ್ತಾ ಇದ್ರೆ ಧೈರ್ಯ ಅಂತ."

ಆಪರೇಟರ್ ಜನರೇಟರ್ ನಿಲ್ಲಿಸಿ ಟವರ್ ಹತ್ತಿದ. ಇಳಿದು ಬಂದಾಗ ಕೈಯಲ್ಲಿ ತಂತಿ ಸುತ್ತಿದ ಫ್ಯೂಸ್, ಮಸಿ ಹಿಡಿದದ್ದು. ಹೆಣ ಇಳಿಸುವ ಗಡಿಬಿಡಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಬೋರ್ಡ್ ನೋಡಿ," ಎಂದಳು. "ಎಲ್ಲಾ ಫ್ಯೂಸ್ ಮೇಲೂ ಡೀಸೆಲ್ ಮಸಿ. ಟವರಿಂದು ಮಾತ್ರ ಹೊಚ್ಚಹೊಸದು. ಅವರು ಹಳೇದನ್ನ ಕಿತ್ತು ಒಯ್ದ ಮೇಲೆ ಯಾರೋ ಹೊಸದು ಹಾಕಿದಾರೆ. ಹೊಸ ಫ್ಯೂಸ್ ಎಲ್ಲಿರುತ್ತೆ?"

"ಬೀರುವಿನಲ್ಲಿ," ಎಂದ ಆಪರೇಟರ್. "ಬೀಗದ ಕೈ..." ಅವನ ಕಣ್ಣು ಎಂಜಿನಿಯರ್ ಸೊಂಟದ ಗೊಂಚಲಿನ ಮೇಲೆ ನಿಂತಿತು.

ಎಂಜಿನಿಯರ್ ಕುರ್ಚಿಗೆ ಕುಸಿದ. "ಲೈನ್ ಯಾಕೆ ಸತ್ತಿದೆ, ಈಗಲೇ ಮಾತಾಡಿ ತೋರಿಸಿ ಅಂತ ರಾಜಧಾನಿಯಿಂದ ಟೆಲಿಗ್ರಾಂ ಮೇಲೆ ಟೆಲಿಗ್ರಾಂ. ಅವನು ಇಳಿಯೋದು ತಡವಾಯ್ತು... ಫ್ಯೂಸ್ ಹಾಕಿ, ಒಂದೇ ಒಂದು ಮಾತು ಆಡಿ ತೆಗೀತೀನಿ ಅಂದ್ಕೊಂಡೆ."

"ಏನು ಮಾತಾಡಿದ್ರಿ?"

ಅವನು ಸೊಂಟದ ಗೊಂಚಲನ್ನು ಬಿಚ್ಚಿ ಅವಳ ಮುಂದಿಟ್ಟ.

"ಇಲ್ಲಿ ಎಲ್ಲಾ ಸರಿಯಾಗಿದೆ ಅಂದೆ."