ಹಾಡಿನ ಮೊದಲ ಒಂದು ನಿಮಿಷ

‘ಮುಟ್ಟಿದ್ದು ಒಂದೇ ಒಂದು ಸಲ. ಅದೂ ಒಂದೇ ಬೆರಳಿನಿಂದ.’

ಪಿಸು ಮನಸ್ಸಿನಲ್ಲೇ ನೂರನೆಯ ಸಲ ಹೇಳಿಕೊಂಡಳು. ಅವಳು ಮೆಟ್ಟಿಲ ಮೇಲೆ ಕೂತು ಕೈಯನ್ನು ಫ್ರಾಕಿನ ಜೇಬಿಗೆ ತುರುಕಿಕೊಂಡಳು. ಮಾತಾಡಿದರೆ ಪಕ್ಕದವರಿಗೂ ಕೇಳಿಸದ ಹುಡುಗಿ ಅಂತ ಮನೆಯಲ್ಲಿ ಎಲ್ಲರೂ ಅವಳನ್ನು ಪಿಸು ಅಂತಲೇ ಕರೆಯುತ್ತಿದ್ದರು.

ಕೆಳಗೆ ನಡುಮನೆಯಲ್ಲಿ ಮಾವ ಒಂದು ರಟ್ಟಿನ ಪೆಟ್ಟಿಗೆಯ ಜೊತೆ ಗುದ್ದಾಡುತ್ತಿದ್ದ.

“ನಿಧಾನ ಕಣೋ! ಒಳಗಿರೋದು ರೆಕಾರ್ಡು, ಕುಂಬಳಕಾಯಿ ಅಲ್ಲ,” ಅಂದಳು ಡ್ರಮ್ ಅಕ್ಕ. ಮಾವನ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವಳು ಅವಳು.

ಪೆಟ್ಟಿಗೆ ಬಾಯಿ ಬಿಟ್ಟಿತು. ಒಳಗೆ ಅವರ ಹೊಸ ಆಲ್ಬಮ್ಮು, ‘ಕಾವಲುಗಾರನ ಬೆಳಗು’. ಹೆಸರು ಮಾತ್ರ ಹೊಸದು. ಹಾಡುಗಳೆಲ್ಲ ಯುರೋಪಿನವು, ಏಳುನೂರು ವರ್ಷ ಹಳೆಯವು. ಮಾವ ತಿಂಗಳುಗಟ್ಟಲೆ ಲೈಬ್ರರಿಯಲ್ಲಿ ಕೂತು ಅವುಗಳನ್ನು ಬರೆದುಕೊಂಡು ಬಂದಿದ್ದ. ಹಾಳೆಯ ತುಂಬ ಚೌಕ ಚೌಕ ಚುಕ್ಕಿಗಳು, ಇರುವೆ ಸಾಲಿನ ಹಾಗೆ. ಯಾವ ಸ್ವರ ಅಂತ ಇತ್ತು, ಎಷ್ಟು ಬೇಗ ಹಾಡಬೇಕು ಅಂತ ಇರಲಿಲ್ಲ.

“ಡ್ರಮ್ಸ್ ಬೇಡ ಅಂತಲೂ ಬರೆದಿಲ್ಲ ಅಲ್ವಾ? ಹಾಗಾದ್ರೆ ಬಾರಿಸೋಣ!” ಅಂದಿದ್ದಳು ಡ್ರಮ್ ಅಕ್ಕ. ಹಾಗೆ ಹಳೆಯ ಹಾಡಿಗೆ ಡ್ರಮ್ಸ್ ಬಂತು, ಎಲೆಕ್ಟ್ರಿಕ್ ಗಿಟಾರ್ ಬಂತು.

ಅಜ್ಜನ ಹರ್ಡಿ-ಗರ್ಡಿಯೂ ಬರಬೇಕಿತ್ತು.

ಹರ್ಡಿ-ಗರ್ಡಿ ಅಂದರೆ ಆ ಕಾಲದ ಒಂದು ವಾದ್ಯ. ನೋಡೋಕೆ ಹೊಟ್ಟೆ ಊದಿದ ಪಿಟೀಲು. ಬಾಲದ ಹತ್ತಿರ ಒಂದು ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ಮರದ ಚಕ್ರ ತಂತಿಗಳನ್ನು ಉಜ್ಜಿ ಉಜ್ಜಿ ಹಾಡಿಸುತ್ತದೆ. ಅಜ್ಜ ಬಡಗಿ. ಮಾವ ತಂದ ಚಿತ್ರ ನೋಡಿಕೊಂಡು ಒಂದು ವರ್ಷ ಕೂತು ಅದನ್ನು ಮಾಡಿದ್ದ. ನುಡಿಸೋದನ್ನೂ ತಾನೇ ಕಲಿತಿದ್ದ. ಮೊದಲ ಹಾಡಿನ ಮೊದಲ ಒಂದು ನಿಮಿಷ ಪೂರ್ತಿ ಅಜ್ಜನದೇ ಅಂತ ತೀರ್ಮಾನವಾಗಿತ್ತು.

ಆ ವಾದ್ಯಕ್ಕೆ ಒಂದೇ ಕಟ್ಟಳೆ. ಚಕ್ರದ ಅಂಚು ಮುಟ್ಟಬಾರದು. ತಂತಿಯನ್ನು ಹಿಡಿದು ಉಜ್ಜಲಿ ಅಂತ ಅದಕ್ಕೆ ರಾಳ ಸವರಿರುತ್ತದೆ. ಬೆರಳಿನ ಜಿಡ್ಡು ತಾಗಿದರೆ ಸಾಕು, ತಂತಿ ಜಾರಿ ಕೀರಲು ದನಿ ಹೊರಡುತ್ತದೆ.

ಇದು ಪಿಸುಗೆ ಚೆನ್ನಾಗಿ ಗೊತ್ತಿತ್ತು. ಆದರೆ ರೆಕಾರ್ಡಿಂಗ್ ದಿನ ಸ್ಟುಡಿಯೋದಲ್ಲಿ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿದ್ದರು. ಬೆಣ್ಣೆ ಹಚ್ಚಿದ ಬ್ರೆಡ್ ತಿನ್ನುತ್ತ ಇವಳೊಬ್ಬಳೇ ಒಳಗಿದ್ದಳು. ಚಕ್ರ ಮಿರಮಿರ ಮಿಂಚುತ್ತಿತ್ತು. ಎಷ್ಟು ನುಣುಪಾಗಿರಬಹುದು? ಅಷ್ಟೇ. ಒಂದು ಬೆರಳು ಹಾಗೆ ಹೋಯಿತು, ಹೀಗೆ ಬಂತು.

ಊಟವಾದ ಮೇಲೆ ಅಜ್ಜ ಹಿಡಿ ತಿರುಗಿಸಿದ. ಮೊದಲು ಗುಂಯ್ ಅಂತು. ಆಮೇಲೆ ಕೀಂಯ್!

ಹನ್ನೊಂದು ಸಲ ನುಡಿಸಿದ. ಹನ್ನೊಂದು ಸಲವೂ ಅದೇ ಜಾಗದಲ್ಲಿ ಕೀಂಯ್. ರಾಳ ಹಚ್ಚಿದರೂ ಸರಿಹೋಗಲಿಲ್ಲ.

“ಯಾರಾದ್ರೂ ಚಕ್ರ ಮುಟ್ಟಿದ್ರಾ?” ಅಂತ ಡ್ರಮ್ ಅಕ್ಕ ಕೇಳಿದಳು.

ಪಿಸು ಬಾಯಿ ತೆರೆಯುವಷ್ಟರಲ್ಲಿ ಅಜ್ಜನೇ ಹೇಳಿಬಿಟ್ಟ: “ಛೆ, ಇಲ್ಲಮ್ಮ. ನಮ್ಮನೆಯವರು ಯಾರೂ ಮುಟ್ಟಲ್ಲ.”

ಎಷ್ಟು ನಂಬಿಕೆಯಿಂದ ಹೇಳಿದನೆಂದರೆ, ಪಿಸು ತೆರೆದ ಬಾಯಿ ಮುಚ್ಚಿಕೊಂಡಳು.

ಅಜ್ಜ ತನ್ನ ಬಲಗೈಯನ್ನು ಮೇಲೆತ್ತಿ ನೋಡಿಕೊಂಡ. “ಕೈ ನಡುಗ್ತಿರಬೇಕು ಕಣೋ. ಒಂದೇ ಸಮ ತಿರುಗಿಸೋಕೆ ಆಗ್ತಿಲ್ಲ. ನನ್ನ ಬಿಟ್ಟು ಮಾಡ್ಕೊಳ್ಳಿ,” ಅಂದ. ಸ್ಟುಡಿಯೋ ಸಿಕ್ಕಿದ್ದು ಅದೊಂದೇ ದಿನ. ಆ ಒಂದು ನಿಮಿಷವನ್ನು ಮಾವ ಕೀಬೋರ್ಡಿನಲ್ಲಿ ನುಡಿಸಿದ. ಅಜ್ಜ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಟ್ಟವನು ಮತ್ತೆ ಬಿಚ್ಚಲೇ ಇಲ್ಲ.

ಈಗ ನಡುಮನೆಯಲ್ಲಿ ರೆಕಾರ್ಡು ತಿರುಗತೊಡಗಿತು. ಮೊದಲ ಹಾಡು ಶುರುವಾಯಿತು. ಕೀಬೋರ್ಡಿನ ದನಿ ಚೊಕ್ಕಟವಾಗಿತ್ತು. ತೊಳೆದಿಟ್ಟ ಖಾಲಿ ಲೋಟದಷ್ಟು ಚೊಕ್ಕಟ.

“ಹೇಗಿದೆ ಅಪ್ಪಾ?” ಅಂದ ಮಾವ.

“ಚೆನ್ನಾಗಿದೆ. ತುಂಬಾ ಚೆನ್ನಾಗಿದೆ,” ಅಂದ ಅಜ್ಜ. ಒಳಗೆ ಹೋಗಿ ಬಟ್ಟೆಯ ಗಂಟನ್ನು ಎತ್ತಿಕೊಂಡು ಬಂದು ಡ್ರಮ್ ಅಕ್ಕನ ತೊಡೆಯ ಮೇಲಿಟ್ಟ. “ನೀನೇ ಇಟ್ಕೋಮ್ಮ. ಕೈ ಗಟ್ಟಿ ಇರೋರು ನುಡಿಸ್ಲಿ.”

“ಅಯ್ಯೋ, ಬೇಡ ಅಂಕಲ್! ನಾನು ಬಡಿಯೋಳು, ತಿರುಗಿಸೋಳಲ್ಲ,” ಅಂತ ಅವಳು ನಗಿಸಲು ನೋಡಿದಳು. ಅಜ್ಜ ನಗಲಿಲ್ಲ. ಹಿತ್ತಲಿನ ಕೆಲಸದ ಶೆಡ್ಡಿಗೆ ಹೊರಟುಹೋದ.

ಪಿಸು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

ಮೇಜಿನ ಮೇಲೆ ಪಕ್ಕದ ಮನೆಯವರ ಮುರಿದ ಕುರ್ಚಿ ಇತ್ತು. ಬಂದು ಮೂರು ವಾರವಾಗಿತ್ತು. ಅಜ್ಜ ಹೊಸ ಕಾಲಿಗೆ ಮರ ಆರಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದ. ಈಗ ಗರಗಸ ತೆಗೆದುಕೊಂಡು ಗೆರೆಯ ಮೇಲಿಟ್ಟ. ಅವನ ಕೈ ಅಲುಗಲಿಲ್ಲ. ಚೂರೂ ಅಲುಗಲಿಲ್ಲ. ಆದರೂ ಅಜ್ಜ ಗರಗಸ ಎಳೆಯಲಿಲ್ಲ. ತನ್ನ ಕೈಯನ್ನೇ ನೋಡುತ್ತ ನಿಂತ, ಪರಿಚಯವಿಲ್ಲದವರನ್ನು ನೋಡುವ ಹಾಗೆ. ಆಮೇಲೆ ಗರಗಸವನ್ನು ಮೊಳೆಗೆ ತೂಗುಹಾಕಿಬಿಟ್ಟ.

ಇಷ್ಟು ದಿನ ಪಿಸು ಅಳುತ್ತಿದ್ದದ್ದು ಹಾಡಿಗಾಗಿ. ಹಾಡು ಹೋಯಿತು. ರೆಕಾರ್ಡಿನಲ್ಲಿ ಅಚ್ಚಾಗಿದ್ದನ್ನು ಇನ್ನು ಯಾರೂ ತಿದ್ದಲಾರರು, ಅವಳು ಎಷ್ಟು ಅತ್ತರೂ ಅಷ್ಟೇ. ಆದರೆ ಅಜ್ಜ ಕಳೆದುಕೊಂಡಿದ್ದು ಹಾಡನ್ನಲ್ಲ.

“ಅಜ್ಜಾ.”

ಅವನು ತಿರುಗಲಿಲ್ಲ. ಕೇಳಿಸಿರಲಿಲ್ಲ.

ತಾನು ನಿಜ ಹೇಳಿಬಿಟ್ಟರೆ ‘ನಮ್ಮನೆಯವರು ಯಾರೂ ಮುಟ್ಟಲ್ಲ’ ಅಂತ ಅಜ್ಜ ಇನ್ನೆಂದೂ ಹೇಳಲಾರ. ಕಾಲು ಹಿಂದಕ್ಕೆ ಎಳೆಯಿತು. ಪಿಸು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅಜ್ಜಾ! ನಿನ್ನ ಕೈ ಅವತ್ತು ನಡುಗಲೇ ಇಲ್ಲ. ಬೆಣ್ಣೆ ಕೈಯಲ್ಲಿ ಚಕ್ರ ಮುಟ್ಟಿದ್ದು ನಾನು.”