ಸವಳು ಹೊಲದ ಉಪ್ಪು

ಕಾರ್ತಿಕದ ಚಳಿ ಆಗತಾನೇ ಹಿಡಿದಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಐನಾಪುರದ ರಸ್ತೆ ತುಂಬಿದ್ದವು. ಅವುಗಳ ಸಂದಿಯಲ್ಲಿ ಗಾಡಿ ನುಗ್ಗಿಸಿಕೊಂಡು ಕಾಕಾಸಾಹೇಬ ಠಾಣೆ ಮುಟ್ಟಿದಾಗ ಬೆಳಗಿನ ಒಂಬತ್ತೂವರೆ. ಕಂದು ಕಲ್ಲಿದ್ದಲಿನ ಪುಡಿಗೆ ಪೊಟ್ಯಾಷಿನ ಕ್ಷಾರದ ನೀರು, ಸಗಣಿ ಬೆರೆಸಿ ಗೊಬ್ಬರ ಮಾಡುವ ಶೆಡ್ಡು ಅವನದು.

"ಯಾರೋ ನನ್ನ ರಾಶ್ಯಾಗ ಉಪ್ಪು ಬೆರಸ್ಯಾರ್ರಿ ಮೇಡಂರ. ಸವಳು ಬಿಡಸೂ ಗೊಬ್ಬರದಾಗ ಉಪ್ಪು!"

ಪಿಎಸ್‌ಐ ಉಜ್ವಲಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಬೀರದೇವನೊಂದಿಗೆ ಪಂಚನಾಮೆಗೆ ಹೊರಟಳು.

ಶೆಡ್ಡಿನಲ್ಲಿ ಕಪ್ಪು ರಾಶಿಯ ನೆತ್ತಿಯ ಮೇಲೆ ಹರಳುಪ್ಪು ಮಿನುಗುತ್ತಿತ್ತು. ಮೇಲೆ ಹತ್ತಿ ಇಳಿದ ಹೆಜ್ಜೆಗಳು ಬರಿಗಾಲಿನವು. ರಾಶಿಯ ಬುಡದಲ್ಲಿ ಜೋಡಿ ಚಪ್ಪಲಿಯ ಅಚ್ಚು, ಗುಡಿಯ ಮುಂದೆ ಬಿಟ್ಟಂತೆ ಒಂದರ ಪಕ್ಕ ಒಂದು.

"ನಿಮ್ಮ ಆಳುಗಳೇನ್ರಿ?" ಉಜ್ವಲಾ ಕೇಳಿದಳು.

"ಅವರು ಬೂಟಿಲ್ಲದ ಹತ್ತಂಗಿಲ್ರಿ. ಹಸಿ ರಾಶಿ, ಅಂಗಾಲ ಸುಡತೈತಿ."

"ಇದು ಯಾವ ಹೊಲಕ್ಕ?"

"ಹೊಳಿದಂಡಿ ಸವಳು ಹೊಲಕ್ರಿ, ಉಪ್ಪೆದ್ದು ಬೆಳ್ಳಗಾಗಿತ್ತು. ಮುರಗೆಪ್ಪನ ಕಡಿಂದ ತಗೊಂಡಿದ್ದೆ. ಹ್ವಾದ ವರ್ಷ ಅರ್ಧಕ್ಕ ಹಾಕಿದ್ದೆ, ಕಬ್ಬು ಆಳೆತ್ತರ ಬಂತು. ಉಳಿದರ್ಧಕ್ಕ ಇದು. ಗೊತ್ತಾಗದ ಚೆಲ್ಲಿದ್ರ ಹೊಲ ಮತ್ತ ಬೆಳ್ಳಗಾಗತಿತ್ತು."

ಬೀರದೇವ ನಕ್ಕ. "ಚಪ್ಲಿ ಬಿಟ್ಟು ಕಳವಿಗೆ ಬಂದಾನಂದ್ರ ಭಾಳ ಮರ್ಯಾದಸ್ಥ ಕಳ್ಳರಿ!"

ಉಜ್ವಲಾ ನಗಲಿಲ್ಲ. ತನ್ನೂರು ಕರೋಶಿಯ ಕಣದಲ್ಲಿ ಚಪ್ಪಲಿ ಮೆಟ್ಟಿ ಜೋಳದ ರಾಶಿ ಏರಿದ್ದಕ್ಕೆ ಅಪ್ಪ ಕೊಟ್ಟ ಏಟು ಅವಳ ಬೆನ್ನಿಗೆ ಇನ್ನೂ ನೆನಪಿತ್ತು. ಬಾಡಿಗೆಯ ಪುಂಡನಿಗೆ ರಾಶಿ ಬರೀ ಗುಡ್ಡೆ. ಇವನು ಹಾಳು ಮಾಡಲು ಬಂದರೂ ಮೆಟ್ಟಿನಿಂದ ತುಳಿಯಲಾರದವನು, ಒಕ್ಕಲುತನ ಮಾಡುವವನು.

"ಬೀರದೇವ, ಸುಟ್ಟಗಾಯದ ಮುಲಾಮು ಯಾರು ಒಯ್ದಾರ ಕೇಳ್ರಿ."

ಮಧ್ಯಾಹ್ನದ ಹೊತ್ತಿಗೆ ಔಷಧಿ ಅಂಗಡಿಯವನು ಹೆಸರು ಹೇಳಿದ್ದ.

ಮುರಗೆಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಎರಡೂ ಅಂಗಾಲಿಗೆ ಹಳೇ ಧೋತರದ ಅರಿವೆ.

"ಕಾಲಿಗೇನಾತ್ರಿ, ಮುರಗೆಪ್ಪ ಕಾಕಾ?"

"ಬಿಸಿನೀರು ಬಿತ್ತವ್ವ."

"ಅಂಗಾಲಿಗೆ?"

ಬೀರದೇವ ದನದ ಕೊಟ್ಟಿಗೆಯಿಂದ ಎರಡು ಬರಿದಾದ ಉಪ್ಪಿನ ಚೀಲ ತಂದಿಟ್ಟ.

"ಕಾಕಾಸಾಹೇಬನ ಮ್ಯಾಲ ಸಿಟ್ಟೇನು?"

"ಅಂವ ದೇವರಂಥಾ ಮನಶ್ಯಾ."

"ಮತ್ತ?"

ಮುರಗೆಪ್ಪ ಅರಿವೆಯ ಅಂಚು ಹಿಂಡುತ್ತ ಕುಳಿತ. "ಆ ಹೊಲದಾಗ ನಮ್ಮವ್ವನ ಮಣ್ಣು ಮಾಡೇವ್ರಿ. ಸಾಯೂತನಕಾ ಒಂದ ಮಾತು. 'ಭೂಮಿ ಸತ್ತಿಲ್ಲೋ, ಹಸದೈತಿ. ಗೊಬ್ಬರ ಹಾಕು. ಹಸರ ಬಂದ ವರ್ಷ ನನ್ನ ಮ್ಯಾಲ ಎಡಿ ಅನ್ನ ಒಂದ ಮುಷ್ಟಿ ಚರಗಾ ಚೆಲ್ಲು.' ನಾ ಒಂದ ಬುಟ್ಟಿ ಹಾಕ್ಲಿಲ್ಲ. ಸತ್ತೈತಿ ಅಂತ ಹೇಳಿ ಮಾರಿದೆ. ಮಂದಿನೂ ಹೌದಂದ್ರು. ಈಗ ಆ ಅರ್ಧ ಹೊಲ ಎದ್ದ ನಿಂತೈತಿ. ಆಕಿ ಮಲಗಿದ್ದು ಈ ಕಡೆ ಅರ್ಧದಾಗ. ಅದೂ ಎದ್ದ ನಿಂತ್ರ, ಆಕಿ ಹೇಳಿದ್ದು ಖರೇ, ನಾ ಅಂದದ್ದು ಸುಳ್ಳಂತ ಊರಿಗೇ ತಿಳೀತಿತ್ತು."

ಸಂಜೆ ಐದಕ್ಕೆ ಬಂಧನದ ದಾಖಲೆಗೆ ಹೆಬ್ಬೆಟ್ಟು ಒತ್ತಿದ. ಚಪ್ಪಲಿ ಮೆಟ್ಟಲಾಗದೆ ಬೀರದೇವನ ಹೆಗಲು ಹಿಡಿದು ಜೀಪು ಹತ್ತಿದ.

ಹೊಳೆದಂಡೆಯ ಹೊಲ ಬಂದಾಗ ಉಜ್ವಲಾ ಜೀಪು ನಿಲ್ಲಿಸಿದಳು. "ಇಳೀತೀರೇನು?"

ಒಂದು ಕಡೆ ಕಬ್ಬು ಗಾಳಿಗೆ ಸದ್ದು ಮಾಡುತ್ತಿತ್ತು. ಇನ್ನೊಂದು ಕಡೆ ಬೆಳ್ಳಗೆ ಹೊಪ್ಪಳಿಸಿದ ನೆಲ, ನಡುವೆ ನಾಲ್ಕು ಕಲ್ಲಿನ ಸಮಾಧಿ.

"ಬರಿಗೈಲೆ ಹೆಂಗ ಹೋಗ್ಲೆವ್ವ," ಎಂದ ಮುರಗೆಪ್ಪ. "ನಡೀರಿ."