ಕೇಳದೆ ಹೊತ್ತ ಹರಕೆ

"ಸಾಕು ಮೇಷ್ಟ್ರೇ! ಇನ್ನೊಂದು ಮಾತು ಹೇಳ್ಬೇಡಿ!"

ಚರ್ಚಿನ ಪಕ್ಕದ ಹಾಲ್‌ನಲ್ಲಿ ಕುಳಿತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಎದ್ದು ನಿಂತಿದ್ದವಳು ಬೇಕರಿಯವರ ಮಗಳು ಪುಟ್ಟಿ! ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರಳು ಎಂದು ಊರೇ ಹೇಳುವ ಹುಡುಗಿ, ಬೈಬಲ್ ಪಾಠದ ನಡುವೆ ಹೀಗೆ ಕೂಗಿಬಿಟ್ಟಿದ್ದಳು.

ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಆತ ವಾರವಿಡೀ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟು, ಭಾನುವಾರ ಸಂಜೆ ಇಲ್ಲಿ ಬೈಬಲಿನ ಕಗ್ಗಂಟುಗಳನ್ನು ಬಿಡಿಸುವ ಯುವಕ. ಇವತ್ತಿನ ಕಗ್ಗಂಟು ಯೆಫ್ತಾಹನದು. ಯುದ್ಧ ಗೆದ್ದು ಬಂದರೆ, ಮನೆಯ ಬಾಗಿಲಿನಿಂದ ಮೊದಲು ಎದುರು ಬಂದದ್ದನ್ನು ದೇವರಿಗೆ ಅರ್ಪಿಸುತ್ತೇನೆ ಎಂದು ಹರಕೆ ಹೊತ್ತವನು ಅವನು. ಗೆದ್ದು ಬಂದಾಗ ಎದುರಿಗೆ ಕುಣಿಯುತ್ತ ಬಂದವಳು ಅವನ ಒಬ್ಬಳೇ ಮಗಳು!

"ಮಾತು ಕೊಟ್ಟಿದ್ದೀಯಲ್ಲಪ್ಪಾ, ಹಾಗೇ ಮಾಡು ಅಂದಳು ಆ ಮಗಳು..." ಎಂದು ಮೇಷ್ಟ್ರು ಹೇಳಿದ್ದೇ ತಡ, ಪುಟ್ಟಿಗೆ ತಡೆಯಲಾಗಲಿಲ್ಲ.

"ಈ ಪಾಠ ಮಾಡಿ ಅಂತ ನಮ್ಮಪ್ಪ ಹೇಳಿದ್ರು ತಾನೇ? ಅವರು ಹೇಳ್ಕೊಟ್ಟಿದ್ದನ್ನ ಗಿಳಿಪಾಠ ಒಪ್ಪಿಸ್ತಾ ಇದ್ದೀರಾ? ನಾಳೆ ಮಠಕ್ಕೆ ಹೋಗೇ ಹೋಗ್ತೀನಲ್ಲ... ಗಾಯದ ಮೇಲೆ ಬರೆ ಯಾಕೆ ಎಳೀತೀರಾ?"

"ಪುಟ್ಟಿಯವರೇ, ಪಾಠ ಇನ್ನೂ ಮುಗಿದಿಲ್ಲ..."

ಅವಳು ಆಗಲೇ ಬಾಗಿಲು ದಾಟಿದ್ದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಪ್ಪನ ಮುಖವನ್ನೂ ನೋಡಲಿಲ್ಲ.

ಬೇಕರಿಯ ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ನಾಳೆಯ ಬ್ರೆಡ್ಡಿಗೆ ಹಿಟ್ಟು ನಾದಬೇಕಿತ್ತು. ನಾದುತ್ತ ನಾದುತ್ತ ಬಿಕ್ಕಿ ಬಿಕ್ಕಿ ಅತ್ತಳು.

ಪುಟ್ಟಿ ಹಾಲುಗಲ್ಲದ ಮಗುವಾಗಿದ್ದಾಗ ಜ್ವರ ಬಂದು ಸಾಯುವಂತಾಗಿದ್ದಳು. ಹೆಂಡತಿಯನ್ನು ಆಗಷ್ಟೇ ಕಳೆದುಕೊಂಡಿದ್ದ ಅಪ್ಪ ಮಗುವನ್ನು ತಂಗಿಯ ಬಳಿ ಬಿಟ್ಟು ಚರ್ಚಿಗೆ ಓಡಿಹೋಗಿ, 'ಇವಳು ಉಳಿದರೆ ಕನ್ಯಾಮಠಕ್ಕೆ ಕೊಡುತ್ತೇನೆ' ಎಂದು ಹರಕೆ ಹೊತ್ತಿದ್ದರು. ಆಮೇಲೆ ಮಗಳನ್ನು ಬಿಟ್ಟಿರಲಾರದೆ ಇವತ್ತು ನಾಳೆ ಎಂದು ಮುಂದೂಡಿದರು. ಹೋದ ತಿಂಗಳು ಎದೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಾಗ ಅವರಿಗೆ ತೋಚಿದ್ದು ಒಂದೇ. ಹರಕೆ ತೀರಿಸಲಿಲ್ಲ, ಅದಕ್ಕೇ ಹೀಗಾಯಿತು!

ಡಾಕ್ಟರು ಕೊಟ್ಟ ಮಾತ್ರೆಯನ್ನು ಮುಟ್ಟಲೇ ಇಲ್ಲ. "ನೀನು ಮಠ ಸೇರು, ಎದೆ ತಾನಾಗೇ ಸರಿಹೋಗತ್ತೆ" ಎಂದು ಹಟ ಹಿಡಿದರು. ಮಾತ್ರೆ ನುಂಗದಿದ್ದರೆ ಎದೆ ಯಾವಾಗ ನಿಲ್ಲುತ್ತದೋ ಹೇಳಲಾಗದು ಎಂದು ಡಾಕ್ಟರು ಗದರಿದ್ದರು. ಪುಟ್ಟಿ ಒಪ್ಪದೆ ಏನು ಮಾಡಿಯಾಳು? ಹೆತ್ತಪ್ಪನನ್ನು ಕೊಂದು ಯಾರ ಜೊತೆ ಸುಖವಾಗಿರುವುದು?

ಯಾರ ಜೊತೆ... ದಿನಾ ಬೆಳಿಗ್ಗೆ ಒಂದು ಬ್ರೆಡ್ಡು ಕೊಳ್ಳಲು ಬಂದು ಅರ್ಧ ಗಂಟೆ ನಿಲ್ಲುವ ಮೇಷ್ಟ್ರಿಗೆ ಬ್ರೆಡ್ಡಿನ ಮೇಲಷ್ಟೇ ಪ್ರೀತಿ ಎಂದು ನಂಬಲು ಅವಳೇನು ದಡ್ಡಿಯೇ? ಆದರೆ ಅವರೇ ಇವತ್ತು ಎಲ್ಲರೆದುರು, 'ಹೋಗು, ಬಲಿಯಾಗು' ಎಂದುಬಿಟ್ಟರಲ್ಲ!

'ದೇವರೇ, ನಿನಗೆ ನಾನು ನಿಜವಾಗಿಯೂ ಬೇಕಾ? ಬೇಕು ಅಂತ ಒಂದು ಸಲ ಹೇಳು. ಅಳದೆ ಬರ್ತೀನಿ...'

ಒಲೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಪುಟ್ಟೀ... ಬಾಗಿಲು ತೆಗಿಯೇ."

ಅಪ್ಪನ ದನಿ ನಡುಗುತ್ತಿತ್ತು. ಗಾಬರಿಯಿಂದ ಬಾಗಿಲು ತೆಗೆದಳು. ಅಪ್ಪನ ತೋಳು ಹಿಡಿದು ನಿಂತಿದ್ದರು ಮೇಷ್ಟ್ರು. ಅಪ್ಪ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತರು.

"ಅಪ್ಪಾ! ಎದೆ ನೋವಾ?"

"ನೋವು ಎದೇದಲ್ಲ ಕಣೇ. ನೀನು ಎದ್ದು ಹೋದ ಮೇಲೆ ನಾನೂ ಕೂಗಾಡಿದೆ. ಹರಕೆ ಹೊತ್ತಿದ್ದಕ್ಕೆ ತಾನೇ ದೇವರು ಯೆಫ್ತಾಹನನ್ನ ಗೆಲ್ಲಿಸಿದ್ದು, ಕೊಡದೆ ಇರೋಕಾಗತ್ತಾ ಅಂತ. ಅದಕ್ಕೆ ಮೇಷ್ಟ್ರು, ಹರಕೆಗಿಂತ ಮೇಲಿನ ಸಾಲು ಓದಿ ಅಂದ್ರು."

"ಏನಿತ್ತು?"

ಅಪ್ಪ ಮೇಷ್ಟ್ರ ಕಡೆ ನೋಡಿದರು.

"ದೇವರ ಆತ್ಮ ಯೆಫ್ತಾಹನ ಮೇಲೆ ಮೊದಲೇ ಬಂದಿತ್ತು," ಎಂದರು ಮೇಷ್ಟ್ರು ಮೆಲ್ಲಗೆ. "ಹರಕೆ ಹೊತ್ತಿದ್ದು ಆಮೇಲೆ. ಕೇಳೋಕೆ ಮುಂಚೇನೇ ಸಿಕ್ಕಿದ್ದಕ್ಕೆ ಅವನು ಮಗಳನ್ನ ಕೊಟ್ಟ. ಕೊಡು ಅಂತ ದೇವರು ಎಲ್ಲೂ ಹೇಳಿಲ್ಲ. ಸುಮ್ಮನಿದ್ದಾನೆ ಅಂದ್ರೆ ಒಪ್ಪಿದ್ದಾನೆ ಅಂತ ಅವನೇ ಅಂದ್ಕೊಂಡ."

"ಅದನ್ನ ಓದಿದಾಗ ನಿಮ್ಮತ್ತೆ ಮಾತು ನೆನಪಾಯ್ತು," ಎಂದು ಅಪ್ಪ ಎದೆ ಬಡಿದುಕೊಂಡರು. "ಆವತ್ತು ಚರ್ಚಿಂದ ಓಡಿಬಂದಾಗ ಬಾಗಿಲಲ್ಲೇ ಹೇಳಿದ್ಲು. ಅಣ್ಣಾ, ನೀನು ಮನೆ ಮೆಟ್ಟಿಲು ಇಳೀತಿದ್ದ ಹಾಗೇ ಜ್ವರ ಬಿಡ್ತು ಅಂತ. ನಾನಿನ್ನೂ ಮೊಣಕಾಲೂರಿರಲಿಲ್ಲ ಕಣೇ! ಇಷ್ಟು ವರ್ಷ ಕಿವಿಗೆ ಬಿದ್ದಿದ್ದು ತಲೆಗೆ ಹೋಗ್ಲೇ ಇಲ್ಲ. ನಿನ್ನ ಕೈಲಿ ಕಣ್ಣೀರು ಹಾಕಿಸಿದೆನಲ್ಲೇ..."

ಪುಟ್ಟಿ ಕಪಾಟಿನಿಂದ ಮಾತ್ರೆ ತಂದು, ಹಿಟ್ಟು ಮೆತ್ತಿದ ಕೈಯಲ್ಲೇ ಅಪ್ಪನ ಮುಂದೆ ಹಿಡಿದಳು.

"ನಾನು ಹೋಗಲ್ಲ ಅಪ್ಪಾ. ನನ್ನ ಕಳಿಸ್ಬೇಡ. ನೀನೂ ಹೋಗ್ಬೇಡ..."

ಅಪ್ಪ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅವರ ಗಂಟಲಿನಿಂದ ಮಾತ್ರೆ ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಅವಳು ಉಸಿರು ಬಿಟ್ಟಿದ್ದು! ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮೇಷ್ಟ್ರು ಸದ್ದಿಲ್ಲದೆ ಹೊರಗೆ ನಡೆದರು.

ಸ್ವಲ್ಪ ಹೊತ್ತಿನ ಮೇಲೆ ಅಂಗಡಿಯ ಮೆಟ್ಟಿಲಿಗೆ ಬಂದಳು. ಅವರಿನ್ನೂ ಅಲ್ಲೇ ನಿಂತಿದ್ದರು.

"ಅಪ್ಪಂಗೆ ಅಷ್ಟೆಲ್ಲ ಹೇಳಿದ್ರಿ. ನಂಗ್ಯಾಕೆ ಇಷ್ಟು ದಿನ ಏನೂ ಹೇಳ್ಲಿಲ್ಲ?"

"ನೀವೇ ಇಷ್ಟಪಟ್ಟು ಹೋಗ್ತಿದ್ದೀರಿ ಅಂತ ನಿಮ್ಮಪ್ಪ ಹೇಳಿದ್ರು. ಈ ಪಾಠ ಕೇಳಿದ್ದೂ ಅವರೇ, ಹರಕೆ ವಿಷಯ ನಂಗೆ ಇವತ್ತೇ ಗೊತ್ತಾಗಿದ್ದು. ದೇವರ ಜೊತೆ ಪೈಪೋಟಿಗೆ ಇಳಿಯೋಕಾಗತ್ತಾ ಹೇಳಿ?" ಅವರ ಕಣ್ಣೂ ತುಂಬಿತ್ತು. "ನನ್ನ ತಪ್ಪೇ. ನಿಮ್ಮನ್ನ ಕೇಳ್ಬೇಕಿತ್ತು."

"ಯಾರೂ ಕೇಳ್ಲಿಲ್ಲ... ಒಬ್ಬರೂ!"

"ಈಗ ಕೇಳ್ತೀನಿ. ನಿಮಗೇನು ಬೇಕು, ಪುಟ್ಟಿ?"

ಹುಟ್ಟಿದಾಗಿನಿಂದ ಅವಳನ್ನು ಯಾರೂ ಕೇಳದ ಪ್ರಶ್ನೆ ಅದು. ಅವರ ಮುಖವನ್ನೇ ನೋಡುತ್ತ ಹೇಳಿದಳು.

"ನೀವು ಬೇಕು."